ಗಂಟು ದವಡೆಯಲ್ಲಿ, ಬೇರು ಬೇರೆಡೆಯಲ್ಲಿ

ದೇಹದ ಇತರ ಭಾಗಗಳಿಂದ ಬಾಯಿಗೆ ಹರಡುವ ಅರ್ಬುದಗಳನ್ನು ಕುರಿತು

ಬಳ್ಳಾರಿ, ಸಿರುಗುಪ್ಪ ಮತ್ತು ಕುರುಗೋಡುಗಳ ಹೆಸರನ್ನು ಈ ಪತ್ರಿಕೆಯಲ್ಲಿ ಕಂಡು, ಕಾಫಿ ಅಡಿಕೆ ಬೆಳೆಗಾರರಿಗೂ ಬಯಲುಸೀಮೆಯ ಆ ಊರುಗಳಿಗೂ ಏನು ಸಂಬಂಧವೆಂದು ಸದಸ್ಯ ಬಂಧುಗಳು ಕೇಳಬಹುದು. ಅದು ಕಾಫಿಯ ಸೀಮೆಯಲ್ಲ, ಅಡಿಕೆಯ ಸೀಮೆಯೂ ಅಲ್ಲ. ಸಿರುಗುಪ್ಪವು ಭತ್ತದ ನಾಡು. ಕುರುಗೋಡಿನ ಸುತ್ತ ಮೆಣಸಿನಕಾಯಿ, ಹತ್ತಿ, ನೀರಿದ್ದಲ್ಲಿ ಭತ್ತ. ಆದರೆ ನಮ್ಮ ಗುಡ್ಡಗಳಲ್ಲಿ ಹುಟ್ಟಿದ ತುಂಗೆ ಭದ್ರೆಯರ ನೀರೇ ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಕಾಲುವೆಯಾಗಿ ಆ ಗದ್ದೆಗಳಿಗೆ ಹರಿಯುತ್ತದೆ. ನಮ್ಮಲ್ಲಿ ಸುಲಿದು ಒಣಗಿಸಿದ ಅಡಿಕೆಯೂ ಅಲ್ಲಿಯ ಎಲೆ ತಟ್ಟೆಗಳನ್ನು ಸೇರುತ್ತದೆ. ಆದ್ದರಿಂದ ಆ ಸೀಮೆಯ ಜನರ ಬಾಯಿಯ ಆರೋಗ್ಯ ನಮಗೆ ಸಂಬಂಧಿಸದ ವಿಷಯವೆಂದು ಹೇಳಲಾರೆವು.

ಬಾಯಿಯ ಅರ್ಬುದ ರೋಗ, ಅಂದರೆ ಕ್ಯಾನ್ಸರ್, ಎಂದೊಡನೆ ಜನರು ಮೊದಲು ಕೇಳುವ ಪ್ರಶ್ನೆ ಒಂದೇ: "ಎಲೆ ಅಡಿಕೆ ಹಾಕುತ್ತಿದ್ದರೆ? ತಂಬಾಕು ಇತ್ತೆ?" ಹಾಕುತ್ತಿದ್ದರೆಂದು ತಿಳಿದರೆ ಕಾರಣ ಸಿಕ್ಕಿತೆಂದು ಸುಮ್ಮನಾಗುತ್ತಾರೆ. ಹಾಕುತ್ತಿರಲಿಲ್ಲವೆಂದಾದರೆ, "ಹಾಗಾದರೆ ಇದು ಬರೀ ಹಲ್ಲಿನ ತೊಂದರೆ, ಹಲ್ಲು ಕೀಳಿಸಿದರೆ ಸರಿಹೋದೀತು" ಎಂದುಕೊಳ್ಳುತ್ತಾರೆ. ಈ ಎರಡನೆಯ ಮಾತೇ ಕೆಲವೊಮ್ಮೆ ಜೀವಕ್ಕೆ ಎರವಾಗುತ್ತದೆ. ಅಡಿಕೆಯನ್ನೂ ತಂಬಾಕನ್ನೂ ಎಂದೂ ಮುಟ್ಟದವರ ದವಡೆಯಲ್ಲಿಯೂ ಕಾಣಿಸಿಕೊಳ್ಳಬಲ್ಲ ಒಂದು ಬಗೆಯ ಅರ್ಬುದವಿದೆ. ಅದರ ಬೇರು ಬಾಯಿಯಲ್ಲಿರುವುದಿಲ್ಲ. ಎದೆಯಲ್ಲೋ ಶ್ವಾಸಕೋಶದಲ್ಲೋ ಮೂತ್ರಪಿಂಡದಲ್ಲೋ ಇರುತ್ತದೆ. ಈ ಲೇಖನ ಆ ಬಗೆಯನ್ನು ಕುರಿತದ್ದು.

ಮೊದಲು ನಮ್ಮ ಬೆಳೆಯ ಮಾತು

ಮುಂದೆ ಹೋಗುವ ಮೊದಲು ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಅರ್ಬುದ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆಸಿದ ಎಲೆ ಅಡಿಕೆಯು ಅರ್ಬುದಕಾರಕವೆಂದು 1985ರಲ್ಲಿಯೇ ಹೇಳಿತ್ತು. 2004ರಲ್ಲಿ ಪ್ರಕಟವಾದ ಅದರ ವರದಿಯು ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಈ ವರ್ಗೀಕರಣದ ವಿಷಯದಲ್ಲಿ ಬೆಳೆಗಾರರಲ್ಲಿ ಎಷ್ಟು ಬೇಸರವಿದೆ, ಎಷ್ಟು ವಾದವಿದೆ ಎಂಬುದನ್ನು ನಾವು ಬಲ್ಲೆವು. ಆದರೆ ಭಾರತದ ಗಂಡಸರಲ್ಲಿ ಅತಿ ಹೆಚ್ಚಾಗಿ ಕಾಣುವ ಅರ್ಬುದ ಬಾಯಿಯದೇ ಎಂಬುದು ಲೆಕ್ಕಗಳಿಂದ ತಿಳಿದಿರುವ ಸಂಗತಿ. ಇದರಲ್ಲಿ ತಂಬಾಕು, ಗುಟ್ಕಾ, ಅಡಿಕೆ ಜಗಿಯುವ ರೂಢಿಯ ಪಾಲು ಬಹಳ ದೊಡ್ಡದು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದ್ದೂ ಇದೇ ಕಾರಣಕ್ಕೆ.

ಹೀಗಿರುವಾಗ ಕೆಳಗೆ ಹೇಳುವ ವಿಷಯವನ್ನು ಅಡಿಕೆಯ ಪರವಾದ ವಕಾಲತ್ತು ಎಂದು ಯಾರೂ ಭಾವಿಸಬಾರದು. ಬಾಯಿಯಲ್ಲಿ ಕಾಣುವ ನೂರು ಅರ್ಬುದಗಳಲ್ಲಿ ತೊಂಬತ್ತೆಂಟು ತೊಂಬತ್ತೊಂಬತ್ತು ಅಲ್ಲಿಯೇ ಹುಟ್ಟಿದವು. ಬೇರೆಡೆಯಿಂದ ಬಂದವು ಸುಮಾರು ಒಂದು ಮಾತ್ರ. ಆದರೆ ಆ ಒಂದು, ಗುರುತು ತಪ್ಪಿಸಿಕೊಳ್ಳುವುದರಲ್ಲಿ ಉಳಿದೆಲ್ಲವನ್ನೂ ಮೀರಿಸುತ್ತದೆ.

ಬೀಜ ಮತ್ತು ಮಣ್ಣು

ಅರ್ಬುದವು ಒಂದು ಅಂಗದಿಂದ ಇನ್ನೊಂದಕ್ಕೆ ಹೇಗೆ ಹೋಗುತ್ತದೆ? ಗೆಡ್ಡೆಯಿಂದ ಕಳಚಿಕೊಂಡ ಜೀವಕೋಶಗಳು ರಕ್ತದಲ್ಲಿ ಅಥವಾ ದುಗ್ಧರಸದಲ್ಲಿ ಸೇರಿ ಹರಿಯುತ್ತವೆ. ಅವುಗಳಲ್ಲಿ ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಬದುಕಿ ಉಳಿದ ಕೆಲವು ಮಾತ್ರ ಎಲ್ಲಾದರೂ ಬೇರೂರುತ್ತವೆ. ಕಾಲುವೆಯ ನೀರಿನಲ್ಲಿ ಕಳೆಯ ಬೀಜ ತೇಲಿ ಬರುವುದನ್ನು ಸಿರುಗುಪ್ಪದ ರೈತರು ಚೆನ್ನಾಗಿ ಬಲ್ಲರು. ಬೀಜ ಎಲ್ಲ ಗದ್ದೆಗಳ ಮೇಲೂ ಹಾಯುತ್ತದೆ. ಮೊಳೆಯುವುದು ಮಾತ್ರ ತನಗೆ ಒಗ್ಗುವ ಮಣ್ಣಿನಲ್ಲಿ.

ಇಂಗ್ಲೆಂಡಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಎಂಬವರು 1889ರಲ್ಲಿ ಇದನ್ನೇ ಹೇಳಿದರು. ಸ್ತನದ ಅರ್ಬುದದಿಂದ ತೀರಿಕೊಂಡ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ರೋಗವು ಕೆಲವು ಅಂಗಗಳನ್ನೇ ಆರಿಸಿಕೊಂಡಂತೆ ಹರಡುತ್ತದೆ ಎಂದು ಕಂಡುಕೊಂಡರು. ಬೀಜ ಎಲ್ಲ ಕಡೆಗೂ ಹೋದರೂ ತಕ್ಕ ಮಣ್ಣಿದ್ದಲ್ಲಿ ಮಾತ್ರ ಬೆಳೆಯುತ್ತದೆ ಎಂಬ ಅವರ ವಿವರಣೆಯು ಇಂದಿಗೂ ವೈದ್ಯಶಾಸ್ತ್ರದಲ್ಲಿ ನಿಂತಿದೆ.

ಬಾಯಿಯೊಳಗೆ ಈ ಬೀಜಕ್ಕೆ ಹೆಚ್ಚಾಗಿ ಒಗ್ಗುವ ಮಣ್ಣು ಕೆಳದವಡೆಯ ಹಿಂಭಾಗ, ಅಂದರೆ ದೊಡ್ಡ ದವಡೆಹಲ್ಲುಗಳ ಕೆಳಗಿನ ಎಲುಬು. ಆ ಜಾಗದಲ್ಲಿ ರಕ್ತ ಸಂಚಾರವಿರುವ ಕೆಂಪು ಮಜ್ಜೆ ದೊಡ್ಡವರಲ್ಲಿಯೂ ಸ್ವಲ್ಪ ಉಳಿದಿರುತ್ತದೆ. ಮೇಲ್ದವಡೆಗಿಂತ ಕೆಳದವಡೆಯಲ್ಲಿ ಈ ರೋಗ ಬಹಳ ಹೆಚ್ಚು. ಎಲುಬನ್ನು ಬಿಟ್ಟರೆ ಮೃದು ಭಾಗಗಳಲ್ಲಿ ಹೆಚ್ಚಾಗಿ ಕಾಣುವುದು ವಸಡಿನ ಮೇಲೆ, ಅನಂತರ ನಾಲಿಗೆಯ ಮೇಲೆ. ಬಹುಕಾಲದಿಂದ ಊದಿಕೊಂಡ ವಸಡಿನಲ್ಲಿ ರಕ್ತನಾಳಗಳು ಹೆಚ್ಚಾಗಿರುವುದರಿಂದ ಹರಿದು ಬಂದ ಕೋಶಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ ಎಂದು ತಜ್ಞರ ಅಭಿಪ್ರಾಯ.

ಶ್ವಾಸಕೋಶವು ರಕ್ತವನ್ನು ಸೋಸುವ ಜರಡಿಯಂತಿರುವಾಗ ಹೊಟ್ಟೆಯ ಕೆಳಭಾಗದ ಅರ್ಬುದ ಅದನ್ನು ದಾಟಿ ತಲೆಯ ತನಕ ಹೇಗೆ ಬಂದೀತು ಎಂಬ ಪ್ರಶ್ನೆಯೂ ಇತ್ತು. ಅಮೆರಿಕದ ಆಸ್ಕರ್ ಬ್ಯಾಟ್ಸನ್ ಎಂಬ ವಿದ್ವಾಂಸರು 1940ರಲ್ಲಿ ಒಂದು ಉತ್ತರ ಕೊಟ್ಟರು. ಬೆನ್ನುಮೂಳೆಯ ಸುತ್ತ ಕವಾಟಗಳಿಲ್ಲದ ರಕ್ತನಾಳಗಳ ಒಂದು ಜಾಲವಿದೆ. ಕೆಮ್ಮಿದಾಗ, ಮುಕ್ಕಿದಾಗ, ಭಾರ ಎತ್ತಿದಾಗ ಅದರಲ್ಲಿ ರಕ್ತ ಮೇಲಕ್ಕೂ ಹರಿಯಬಲ್ಲದು. ಈ ಒಳದಾರಿಯಲ್ಲಿ ಹೋದ ಕೋಶಗಳಿಗೆ ಶ್ವಾಸಕೋಶದ ತಡೆ ಇರುವುದಿಲ್ಲ.

ಎಲ್ಲಿಂದ ಬರುತ್ತದೆ?

ಹೆಂಗಸರಲ್ಲಿ ಮೊದಲ ಸ್ಥಾನ ಸ್ತನದ ಅರ್ಬುದಕ್ಕೆ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚಾಗಿ ಕಾಣುವ ಅರ್ಬುದವೂ ಅದೇ. ಶಸ್ತ್ರಚಿಕಿತ್ಸೆಯಾಗಿ ಹತ್ತು ವರ್ಷ ಕಳೆದ ಮೇಲೂ ಅದು ಎಲುಬಿನಲ್ಲಿ ತಲೆಯೆತ್ತಬಲ್ಲದು ಎಂಬುದನ್ನು ಮನೆಯವರು ಮರೆಯಬಾರದು. ಗಂಡಸರಲ್ಲಿ ಮೊದಲ ಸ್ಥಾನ ಶ್ವಾಸಕೋಶದ್ದು. ಬೀಡಿ ಸಿಗರೇಟಿನ ಪಾಲು ಇಲ್ಲಿ ಸ್ಪಷ್ಟ. ಮೂತ್ರಪಿಂಡ, ಯಕೃತ್ತು, ದೊಡ್ಡ ಕರುಳು ಮತ್ತು ಥೈರಾಯ್ಡ್ ಗ್ರಂಥಿಯ ಅರ್ಬುದಗಳೂ ದವಡೆಗೆ ಬರುವುದುಂಟು. ವಯಸ್ಸಾದ ಗಂಡಸರಲ್ಲಿ ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿಯ ಅರ್ಬುದವು ಎಲುಬುಗಳಿಗೇ ಒಲಿಯುತ್ತದೆ. ಚಿಕ್ಕ ಮಕ್ಕಳಲ್ಲಿ ಬಹಳ ಅಪರೂಪವಾಗಿ, ಮೂತ್ರಪಿಂಡದ ಮೇಲಿರುವ ಗ್ರಂಥಿಯಲ್ಲಿ ಹುಟ್ಟಿದ ಗೆಡ್ಡೆ ದವಡೆಗೆ ಬರುತ್ತದೆ. ಒಟ್ಟಿನಲ್ಲಿ ನಲವತ್ತರಿಂದ ಎಪ್ಪತ್ತು ವರ್ಷದವರಲ್ಲಿ ಇದು ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಹೀಗೆ ಬಾಯಿಗೆ ಹರಡಿದವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ತಮ್ಮ ದೇಹದಲ್ಲಿ ಅರ್ಬುದವಿದೆಯೆಂಬುದರ ಮೊದಲ ಸುಳಿವೇ ಬಾಯಿಯ ಈ ಗಂಟು. ಅಂದರೆ ಮೂಲ ರೋಗವನ್ನು ಮೊದಲು ಸಂಶಯಿಸಬೇಕಾದವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ; ಊರಿನ ಹಲ್ಲಿನ ವೈದ್ಯರು, ಅವರಿಗಿಂತಲೂ ಮೊದಲು ರೋಗಿಯೂ ಅವರ ಮನೆಯವರೂ.

ಗದ್ದದ ಜೋಮು

ಇದರ ಲಕ್ಷಣಗಳು ಹಲ್ಲಿನ ತೊಂದರೆಯ ವೇಷದಲ್ಲೇ ಬರುತ್ತವೆ. ದವಡೆಯಲ್ಲಿ ನೋವು, ಊತ, ಹುಳುಕಿಲ್ಲದ ಹಲ್ಲು ಅಲುಗುವುದು, ಬಾಯಿ ತೆರೆಯಲು ಕಷ್ಟ, ವಸಡಿನ ಮೇಲೆ ಮುಟ್ಟಿದರೆ ರಕ್ತ ಒಸರುವ ಕೆಂಪು ಗಂಟು. ಇವೆಲ್ಲವೂ ಸಾಮಾನ್ಯ ಕೀವಿನಿಂದಲೂ ಬರುತ್ತವೆ. ಬಹುಪಾಲು ಸಲ ಹಾಗೆಯೇ ಬಂದಿರುತ್ತವೆ. ಆದರೆ ಎರಡು ಲಕ್ಷಣಗಳನ್ನು ವಿಶೇಷವಾಗಿ ನೆನಪಿಡಬೇಕೆಂದು ಕೋರುತ್ತೇವೆ.

ಮೊದಲನೆಯದು ಗದ್ದ ಮತ್ತು ಕೆಳತುಟಿಯ ಒಂದು ಬದಿ ಜೋಮು ಹಿಡಿಯುವುದು. ಕೆಳದವಡೆಯ ಎಲುಬಿನೊಳಗೆ ಸಣ್ಣ ಕಾಲುವೆಯಂಥ ದಾರಿಯಿದೆ. ಅದರಲ್ಲಿ ಸಾಗುವ ನರವೇ ಗದ್ದಕ್ಕೂ ಕೆಳತುಟಿಗೂ ಸ್ಪರ್ಶಜ್ಞಾನ ಕೊಡುತ್ತದೆ. ಎಲುಬಿನೊಳಗೆ ಬೆಳೆದ ಗೆಡ್ಡೆ ನರವನ್ನು ಅಮುಕಿದಾಗ ಆ ಭಾಗ ಮರಗಟ್ಟುತ್ತದೆ. ಕ್ಷೌರ ಮಾಡುವಾಗ ಕತ್ತಿಯ ಸ್ಪರ್ಶ ಒಂದು ಬದಿಯಲ್ಲಿ ತಿಳಿಯದು. ಬಿಸಿ ಕಾಫಿ ಕುಡಿಯುವಾಗ ತುಟಿಯ ಅರ್ಧಕ್ಕೆ ಬಿಸಿ ತಾಗದು. ಅನ್ನದ ಅಗುಳು ಅಂಟಿಕೊಂಡದ್ದು ಗೊತ್ತಾಗದು. ನೋವಿಲ್ಲದ್ದರಿಂದ ಜನರು ಅಲಕ್ಷಿಸುತ್ತಾರೆ. ಸ್ಕಾಟ್ಲೆಂಡಿನ ಹೆಸರಾಂತ ವೈದ್ಯ ಚಾರ್ಲ್ಸ್ ಬೆಲ್ ಅವರು ಸ್ತನದ ಅರ್ಬುದವಿದ್ದ ಹೆಂಗಸೊಬ್ಬರಲ್ಲಿ ಇದನ್ನು ಕಂಡು 1830ರಲ್ಲಿಯೇ ಬರೆದಿಟ್ಟಿದ್ದಾರೆ. ಹಲ್ಲು ಕೀಳಿಸಿದಾಗ ಚುಚ್ಚುವ ಮದ್ದಿನ ಜೋಮು ಕೆಲವು ಗಂಟೆಗಳಲ್ಲಿ ಹೋಗುತ್ತದೆ. ಹಲ್ಲು ಕೀಳಿಸದೆ, ಪೆಟ್ಟು ಬೀಳದೆ ತಾನಾಗಿ ಬಂದು ಉಳಿದುಕೊಂಡ ಜೋಮನ್ನು ಎಂದೂ ಹಗುರವಾಗಿ ಕಾಣಬಾರದು.

ಎರಡನೆಯದು ಹಲ್ಲು ಕಿತ್ತ ಗುಳಿ ಮಾಯದಿರುವುದು. ಹಲ್ಲು ಕಿತ್ತ ಮೇಲೆ ಗುಳಿಯ ಮೇಲ್ಭಾಗ ಎರಡು ಮೂರು ವಾರಗಳಲ್ಲಿ ಮುಚ್ಚಿಕೊಳ್ಳುವುದು ವಾಡಿಕೆ. ಅದರ ಬದಲು ಗುಳಿಯೊಳಗಿಂದ ಮಾಂಸ ಉಬ್ಬಿ ಬಂದರೆ, ರಕ್ತ ನಿಲ್ಲದಿದ್ದರೆ, ಅದು ಬರೀ ಗಾಯವಲ್ಲ. ಗೆಡ್ಡೆಯಿಂದಲೇ ಹಲ್ಲು ಅಲುಗಿ, ಕಾರಣ ತಿಳಿಯದೆ ಅದನ್ನು ಕಿತ್ತಿರಬಹುದು.

ನಮ್ಮ ಕಾಫಿ ತೋಟದ ಅನುಭವವನ್ನೇ ಇಲ್ಲಿ ನೆನೆಯಬಹುದು. ಅರೇಬಿಕಾ ಗಿಡದ ಎಲೆ ಹಳದಿಗೆ ತಿರುಗಿ ಜೋಲು ಬಿದ್ದಾಗ ಅನುಭವವಿಲ್ಲದವನು ಎಲೆಗೆ ಮದ್ದು ಹೊಡೆಯುತ್ತಾನೆ. ಬಲ್ಲವನು ಬಗ್ಗಿ ಕಾಂಡವನ್ನು ನೋಡುತ್ತಾನೆ. ಬಿಳಿ ಕಾಂಡಕೊರಕ ಒಳಗೆ ಕುಳಿತಿರುತ್ತದೆ. ದವಡೆಯ ಗಂಟಿನ ವಿಷಯದಲ್ಲಿಯೂ ನೋಟ ಹಾಗೆಯೇ ಇರಬೇಕು.

ಪರೀಕ್ಷೆ ಎಲ್ಲಿ, ಹೇಗೆ?

ಕುರುಗೋಡಿನಿಂದ ಬಳ್ಳಾರಿಗೆ ಸುಮಾರು ಮೂವತ್ತು ಕಿಲೋಮೀಟರು, ಸಿರುಗುಪ್ಪದಿಂದ ಐವತ್ತೈದರ ಆಸುಪಾಸು. ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದ ದೂರ. ಆದರೆ ನಾಟಿಯ ಹಂಗಾಮಿನಲ್ಲಿ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ, ಕೂಲಿಯವರಿಗೆ ಒಂದು ದಿನದ ಕೂಲಿ ಬಿಡುವುದೂ ಕಷ್ಟವೇ. ನೋವಿಗೆ ಅಂಗಡಿಯ ಮಾತ್ರೆ, ಆಮೇಲೆ ಹಲ್ಲು ಕೀಳಿಸುವುದು, ಆಮೇಲೆ ಮತ್ತೆ ಮಾತ್ರೆ. ಹೀಗೆ ತಿಂಗಳುಗಳು ಉರುಳುತ್ತವೆ. ಈ ತಿಂಗಳುಗಳನ್ನು ಉಳಿಸುವುದೇ ನಮ್ಮ ಮಾತಿನ ಉದ್ದೇಶ.

ಬಳ್ಳಾರಿಯಲ್ಲಿ 1961ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಜನರು ವಿಮ್ಸ್ ಎಂದೇ ಕರೆಯುವುದು ರೂಢಿ. ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಅದೇ ನಗರದಲ್ಲಿದೆ. ಸಿರುಗುಪ್ಪ ಕುರುಗೋಡಿನವರು ತಮ್ಮೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ತೋರಿಸಿ, ಅಲ್ಲಿಂದ ಚೀಟಿ ಪಡೆದು ಹೋಗುವುದು ಒಳ್ಳೆಯದು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಇದೆ. ಹುಬ್ಬಳ್ಳಿಯ ನವನಗರದಲ್ಲಿಯೂ ಅರ್ಬುದ ಆಸ್ಪತ್ರೆಯಿದೆ.

ವೈದ್ಯರು ಮೊದಲು ಇಡೀ ದವಡೆಯ ಎಕ್ಸ್-ರೇ ತೆಗೆಸುತ್ತಾರೆ. ಎಲುಬು ಇಲಿ ಕಚ್ಚಿದಂತೆ ಅಲ್ಲಲ್ಲಿ ಕರಗಿರುವುದು ಕಾಣಬಹುದು. ಪ್ರಾಸ್ಟೇಟಿನಿಂದ ಬಂದದ್ದಾದರೆ ಎಲುಬು ಅತಿಯಾಗಿ ಗಟ್ಟಿಯಾಗಿರಬಹುದು. ಆರಂಭದಲ್ಲಿ ಎಕ್ಸ್-ರೇಯಲ್ಲಿ ಏನೂ ಕಾಣದಿರುವುದೂ ಉಂಟು. ಆದ್ದರಿಂದ "ಫೋಟೋದಲ್ಲಿ ಏನೂ ಇಲ್ಲ" ಎಂಬ ಸಮಾಧಾನದಲ್ಲಿ ಜೋಮನ್ನು ಮರೆಯುವಂತಿಲ್ಲ.

ನಿರ್ಣಾಯಕವಾದದ್ದು ಬಯಾಪ್ಸಿ, ಅಂದರೆ ಗಂಟಿನಿಂದ ಸಣ್ಣ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು. "ಚುಚ್ಚಿದರೆ ರೋಗ ಹರಡುತ್ತದೆ" ಎಂಬ ಭಯ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಇದೆ. ಸರಿಯಾಗಿ ಮಾಡಿದ ಬಯಾಪ್ಸಿಯಿಂದ ಆ ಅಪಾಯ ಅತಿ ಕಡಿಮೆ; ಪರೀಕ್ಷೆ ಮಾಡಿಸದೆ ಕಳೆದ ದಿನಗಳಿಂದಾಗುವ ಹಾನಿಯೇ ದೊಡ್ಡದು. ಎಲ್ಲಿಗೆ ವಲಸೆ ಹೋದರೂ ಜೀವಕೋಶವು ತನ್ನ ಹುಟ್ಟೂರಿನ ಗುರುತನ್ನು ಹೊತ್ತಿರುತ್ತದೆ. ಥೈರಾಯ್ಡಿನಿಂದ ಬಂದ ಕೋಶ ದವಡೆಯಲ್ಲಿಯೂ ಥೈರಾಯ್ಡಿನ ಪ್ರೋಟೀನನ್ನೇ ತಯಾರಿಸುತ್ತದೆ. ವಿಶೇಷ ಬಣ್ಣ ಹಾಕಿ ಈ ಗುರುತನ್ನು ಪತ್ತೆ ಹಚ್ಚಿ, ಮೂಲ ಎಲ್ಲಿದೆಯೆಂದು ಹುಡುಕುತ್ತಾರೆ. ಅನಂತರ ಎದೆ, ಹೊಟ್ಟೆ, ಎಲುಬುಗಳ ಸ್ಕ್ಯಾನ್ ನಡೆಯುತ್ತದೆ.

ಚಿಕಿತ್ಸೆಯಿಂದ ಏನು ಪ್ರಯೋಜನ?

ಇಲ್ಲಿ ಸುಳ್ಳು ಭರವಸೆ ಕೊಡಲಾರೆವು. ಅರ್ಬುದವು ದವಡೆಯ ತನಕ ಬಂದಿದೆಯೆಂದರೆ ಬಹಳ ಸಲ ಇತರ ಎಲುಬು, ಶ್ವಾಸಕೋಶ, ಯಕೃತ್ತುಗಳಿಗೂ ಹರಡಿರುತ್ತದೆ. ಅನೇಕರಿಗೆ ಉಳಿಯುವುದು ಕೆಲವು ತಿಂಗಳುಗಳು ಮಾತ್ರ. ಆದರೆ ಎಲ್ಲರದೂ ಒಂದೇ ಕಥೆಯಲ್ಲ. ಥೈರಾಯ್ಡಿನ ಕೆಲವು ಅರ್ಬುದಗಳಿಗೆ ವಿಕಿರಣವುಳ್ಳ ಅಯೋಡಿನ್ ಚಿಕಿತ್ಸೆಯಿದೆ. ಸ್ತನ ಮತ್ತು ಪ್ರಾಸ್ಟೇಟ್ ಅರ್ಬುದಗಳಲ್ಲಿ ಅನೇಕವು ಹಾರ್ಮೋನ್ ಮದ್ದಿಗೆ ಬಗ್ಗುತ್ತವೆ. ಅಂಥವರು ವರ್ಷಗಟ್ಟಲೆ ಬದುಕುವುದುಂಟು. ಗುಣವಾಗದಿದ್ದಲ್ಲಿಯೂ ವಿಕಿರಣ ಚಿಕಿತ್ಸೆಯಿಂದ ದವಡೆಯ ನೋವು, ರಕ್ತಸ್ರಾವ ತಗ್ಗುತ್ತವೆ. ಊಟ ಮಾಡಲು, ಮಾತಾಡಲು ಸಾಧ್ಯವಾಗುತ್ತದೆ. ಕೊನೆಯ ದಿನಗಳಲ್ಲಿ ಒಬ್ಬರು ನೋವಿಲ್ಲದೆ ಅನ್ನ ನುಂಗುವುದು ಸಣ್ಣ ವಿಷಯವಲ್ಲ.

ಇನ್ನೊಂದು ಎಚ್ಚರಿಕೆ ಅತ್ಯಗತ್ಯ. ಎಲುಬಿಗೆ ಹರಡಿದ ಅರ್ಬುದಕ್ಕೆ ಎಲುಬನ್ನು ಬಲಪಡಿಸುವ ಜೋಲೆಡ್ರೋನಿಕ್ ಆಮ್ಲದಂಥ ಇಂಜೆಕ್ಷನ್ನುಗಳನ್ನು ಕೊಡುತ್ತಾರೆ. ಇವು ಒಳ್ಳೆಯ ಮದ್ದುಗಳೇ. ಆದರೆ ಇವನ್ನು ಪಡೆದವರಲ್ಲಿ ಕೆಲವರಿಗೆ ಹಲ್ಲು ಕಿತ್ತ ಮೇಲೆ ಗಾಯ ಮಾಯದೆ ದವಡೆಯ ಎಲುಬೇ ಸತ್ತು ಹೊರಗೆ ಕಾಣಿಸಿಕೊಳ್ಳುತ್ತದೆ. 2003ರಿಂದೀಚೆಗೆ ವೈದ್ಯರು ಇದನ್ನು ಗುರುತಿಸುತ್ತ ಬಂದಿದ್ದಾರೆ. ಹಾಗಾಗಿ ಇಂಜೆಕ್ಷನ್ ಶುರುಮಾಡುವ ಮೊದಲೇ ಹಲ್ಲುಗಳನ್ನು ತೋರಿಸಿ, ಕೀಳಬೇಕಾದವನ್ನು ಕೀಳಿಸಿಕೊಳ್ಳಬೇಕು. ಶುರುವಾದ ಮೇಲೆ ಹಲ್ಲಿನ ವೈದ್ಯರಿಗೆ ಹೇಳದೆ ಒಂದು ಹಲ್ಲನ್ನೂ ಕೀಳಿಸಬಾರದು. ಮಾಯದ ಗಾಯವೆಲ್ಲ ಅರ್ಬುದವೇ ಆಗಬೇಕಿಲ್ಲ ಎಂಬುದಕ್ಕೆ ಇದೂ ಒಂದು ನಿದರ್ಶನ. ಯಾವುದು ಯಾವುದೆಂದು ಹೇಳಬೇಕಾದವರು ವೈದ್ಯರೇ.

ಸದಸ್ಯರು ಮಾಡಬೇಕಾದದ್ದು

1. ಬಾಯಿಯ ಹುಣ್ಣು, ಗಂಟು, ಊತ, ಹಲ್ಲು ಕಿತ್ತ ಗುಳಿ, ಯಾವುದೇ ಇರಲಿ, ಮೂರು ವಾರಗಳಲ್ಲಿ ಮಾಯದಿದ್ದರೆ ತೋರಿಸಿರಿ. ಎಲೆ ಅಡಿಕೆ ಹಾಕುವವರಿಗೂ ಹಾಕದವರಿಗೂ ಈ ಮಾತು ಒಂದೇ.

2. ಗದ್ದ ಅಥವಾ ಕೆಳತುಟಿಯ ಜೋಮು ತಾನಾಗಿ ಬಂದರೆ ಮೂರು ವಾರ ಕಾಯಬೇಡಿರಿ. ಕೂಡಲೆ ತೋರಿಸಿರಿ.

3. ಹಿಂದೆ ಎಂದಾದರೂ ಅರ್ಬುದಕ್ಕೆ ಚಿಕಿತ್ಸೆ ಪಡೆದಿದ್ದರೆ, ಎಷ್ಟೇ ವರ್ಷವಾಗಿರಲಿ, ಹಲ್ಲಿನ ವೈದ್ಯರಿಗೆ ಮೊದಲು ಅದನ್ನೇ ಹೇಳಿರಿ. ಮನೆಯ ಹೆಂಗಸರು ಸ್ತನದ ಶಸ್ತ್ರಚಿಕಿತ್ಸೆಯ ವಿಷಯ ಹೇಳಲು ಸಂಕೋಚಪಡುತ್ತಾರೆ. ಜೊತೆಗೆ ಹೋದವರು ಹಳೆಯ ಕಾಗದಗಳನ್ನು ತೆಗೆದುಕೊಂಡು ಹೋದರೆ ಅರ್ಧ ಕೆಲಸ ಮುಗಿದಂತೆ.

4. ತೆಗೆದ ಗಂಟನ್ನು ಪರೀಕ್ಷೆಗೆ ಕಳುಹಿಸುವಂತೆ ಕೇಳಿರಿ. ಆ ವರದಿಯನ್ನು ಜೋಪಾನವಾಗಿಡಿರಿ.

5. ಖರ್ಚಿಗೆ ಹೆದರಿ ನಿಲ್ಲಬೇಡಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಪಡಿತರ ಚೀಟಿಯ ಆಧಾರದ ಮೇಲೆ ಸೌಲಭ್ಯವಿದೆ. ಸಹಕಾರಿಗಳಿಗೆಂದೇ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯನ್ನು 2018ರಲ್ಲಿ ಅದರಲ್ಲಿ ಸೇರಿಸಲಾಗಿತ್ತು. ಮುಂದೆ ಅದನ್ನು ಮತ್ತೆ ಬೇರೆಯಾಗಿ ಆರಂಭಿಸಲಾಯಿತು. ಯಾವುದಕ್ಕೆ ಯಾವ ಚಿಕಿತ್ಸೆ ಸೇರುತ್ತದೆ, ನೋಂದಣಿ ಯಾವಾಗ ಎಂಬುದನ್ನು ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿರಿ.

ನಮ್ಮ ಸದಸ್ಯರಲ್ಲಿ ಹಲವರ ಬೀಗರು, ನೆಂಟರು ಬಳ್ಳಾರಿ ಸೀಮೆಯಲ್ಲಿದ್ದಾರೆ. ಅಡಿಕೆ ವ್ಯಾಪಾರದ ನಿಮಿತ್ತ ಹೋಗಿಬರುವವರೂ ಇದ್ದಾರೆ. ಆ ಕಡೆ ಹೋಗುವಾಗ ಈ ಸಂಚಿಕೆಯನ್ನು ಜೊತೆಗೆ ಒಯ್ದು, ಓದಿಸಿ, ಓದು ಬಾರದವರಿಗೆ ಓದಿ ಹೇಳಬೇಕೆಂದು ಕೋರುತ್ತೇವೆ. ಎಲೆ ಅಡಿಕೆ ಹಾಕದ ಅಜ್ಜಿಯೊಬ್ಬರು "ತುಟಿ ಯಾಕೋ ಮರಗಟ್ಟಿದೆ" ಎಂದಾಗ, ಮನೆಯವರಲ್ಲಿ ಒಬ್ಬರಾದರೂ ಅದನ್ನು ಕೇಳಿಸಿಕೊಂಡು ಮರುದಿನದ ಬಸ್ಸಿಗೆ ಅವರನ್ನು ಕರೆದುಕೊಂಡು ಹೊರಟರೆ ಇದನ್ನು ಬರೆದದ್ದು ಸಾರ್ಥಕ.